ಕಿತ್ತೂರು ರಾಣಿ ಚೆನ್ನಮ್ಮಾಜಿ

ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ದಕ್ಷಿಣಾಭಿಮುಖವಾಗಿ ಸಾಗುವ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಬೆಳಗಾವಿಯನ್ನು ಸೇರುವ ಮುನ್ನವೇ ಕಾಕತಿ ಗ್ರಾಮವು ಗೋಚರಿಸುತ್ತದೆ. ಅಲ್ಲಿಯ ದೇಸಾಯರ ಮನೆತನದಲ್ಲಿ 1778ರಲ್ಲಿ ಜನಿಸಿದ ಚೆನ್ನಮ್ಮಾಜಿಯು ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾದಳು. 1816ರಲ್ಲಿ ಪತಿವಿಯೋಗ, ಹೊಟ್ಟೆಯ ಮಗನೂ ಉಳಿಯಲಿಲ್ಲ. ಹಿರಿಯ ರಾಣಿ ರುದ್ರಮ್ಮನ ಪುತ್ರ ಶಿವಲಿಂಗರುದ್ರಸರ್ಜನು ಪಟ್ಟವೇರಿದನು. ರೋಗಪೀಡಿತನಾಗಿದ್ದ ಆತನು ಮಾಸ್ತಮರಡಿಯ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕ ತೆಗೆದುಕೊಂಡು, 1824ರ ಸೆಪ್ಟೆಂಬರದಲ್ಲಿ ಲಿಂಗೈಕ್ಯನಾದನು.

ಧಾರವಾಡದ ಕಲೆಕ್ಟರ್ ಥ್ಯಾಕರೆಯ ಸಮಜಾಯಿಷಿಗಳು ಆರಂಭವಾಗುವುದು ಇಲ್ಲಿಂದ. ದತ್ತಕಪತ್ರದ ರುಜು ಸಂಶಯಾಸ್ಪದ, ದತ್ತಕವೇ ಮರಣಾನಂತರ ನಡೆದದ್ದು ಎಂಬುದು ಮೊದಲನೆಯದು. ಮರಣಶಯ್ಯೆಯಲ್ಲಿರುವವನ ಕೈ ನಡುಗದೆ ಇದ್ದೀತೆ? ಇರಲಿ, ಅದು ವಿಚಾರಣೆಗೆ ಯೋಗ್ಯವಾದ ಪ್ರಶ್ನೆಯೆಂದೇ ಒಪ್ಪೋಣ. ಆದರೆ ವಿಚಾರಣೆಯ ನೆವದಲ್ಲಿಯೇ ಅರಮನೆಯ ಭಂಡಾರಕ್ಕೆ ಮೊಹರು ಬಿದ್ದಿತು, ಕಂಪನಿಯ ಪಹರೆ ನಿಂತಿತು. ಭಂಡಾರದ ಮೌಲ್ಯ ಸುಮಾರು 15 ಲಕ್ಷ ರೂಪಾಯಿ. ಇದೆಲ್ಲ ಅದರ ರಕ್ಷಣೆಗಾಗಿ ಎಂಬುದು ಎರಡನೆಯ ಸಮಜಾಯಿಷಿ! ಯಾರಿಂದ ರಕ್ಷಣೆ? ವಾರಸುದಾರನೇ ಇಲ್ಲವೆಂದ ಮೇಲೆ ಯಾರಿಗಾಗಿ ರಕ್ಷಣೆ? ಒಂದು ಮಾತು ಇನ್ನೊಂದರ ಬುಡವನ್ನೇ ಕಡಿಯುತ್ತಿತ್ತು. ಚೆನ್ನಮ್ಮಾಜಿಗೆ ಇದು ಅರ್ಥವಾಗದೆ ಹೋಗಲಿಲ್ಲ. ಆಕೆ ಮೊದಲು ಹಿಡಿದದ್ದು ಖಡ್ಗವನ್ನಲ್ಲ, ಲೇಖನಿಯನ್ನು. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೂ ಮೊರೆ ಹೋಯಿತು, ಫಲ ದೊರೆಯಲಿಲ್ಲ.

ಡಾಲ್‌ಹೌಸಿಯ ದತ್ತಕನಿಷೇಧ ನೀತಿಗೆ ಕಿತ್ತೂರು ಬಲಿಯಾಯಿತೆಂದು ಕೆಲವರು ಬರೆಯುವುದುಂಟು. ಆತನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ನೀತಿಗೆ ಹೆಸರಿಡುವ ಮೊದಲೇ ಕಾರ್ಯ ನಡೆದಿತ್ತು.

ಅಕ್ಟೋಬರ್ 23ರಂದು ಥ್ಯಾಕರೆಯು ಫಿರಂಗಿಗಳೊಡನೆ ಕೋಟೆಯ ಬಾಗಿಲಿಗೆ ಬಂದನು. ಬಾಗಿಲು ತೆರೆಯಿತು, ಒಳಗಿನಿಂದ ಸೈನ್ಯವೇ ಹೊರನುಗ್ಗಿತು. ಥ್ಯಾಕರೆ ಹತನಾದನು. ಈಲಿಯಟ್ ಮತ್ತು ಸ್ಟೀವನ್ಸನ್ ಎಂಬ ಅಧಿಕಾರಿಗಳು ಸೆರೆಯಾದರು. ಅವರನ್ನು ಬಿಟ್ಟರೆ ಯುದ್ಧ ನಿಲ್ಲುವುದೆಂಬ ಭರವಸೆಯನ್ನು ಕಮಿಷನರ್ ಚಾಪ್ಲಿನ್ನನಿಂದ ಪಡೆದೇ ರಾಣಿಯು ಸೆರೆಯಾಳುಗಳನ್ನು ಬಿಟ್ಟಳೆಂದು ಪ್ರತೀತಿ. ಅವರು ಬಿಡುಗಡೆಯಾದರು, ಯುದ್ಧವು ನಿಲ್ಲಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ದುರ್ಗವು ಬಿದ್ದಿತು. ರಕ್ಷಣೆಯ ಹೆಸರಿನಲ್ಲಿ ಮೊಹರು ಬಿದ್ದಿದ್ದ ಭಂಡಾರವು ಕಂಪನಿಯ ವಶವಾಯಿತು.

ಚೆನ್ನಮ್ಮಾಜಿಯನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. ಅದೇ ಶಿವಲಿಂಗಪ್ಪನನ್ನು ಪಟ್ಟಕ್ಕೆ ತರಲು ಸಂಗೊಳ್ಳಿ ರಾಯಣ್ಣನು ಬಂಡಾಯವೆದ್ದು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಅದನ್ನು ಕಾಣಲು ರಾಣಿಯು ಇರಲಿಲ್ಲ. 1829ರ ಫೆಬ್ರುವರಿಯಲ್ಲಿಯೇ ಸೆರೆಯಲ್ಲಿದ್ದಂತೆ ಲಿಂಗೈಕ್ಯಳಾಗಿದ್ದಳು. ಆಕೆಯ ಸಮಾಧಿಯು ಬೈಲಹೊಂಗಲದಲ್ಲಿದೆ.