ರಿಚರ್ಡ್ ಸ್ಪ್ರೂಸ್ ಮತ್ತು ಕಾಡಿನ ಮದ್ದುಗಳು

ಕ್ವಿನೈನ್ ಎಂಬ ಕಹಿ ಮದ್ದಿನ ಹೆಸರನ್ನು ಕೇಳದ ಮನೆ ಒಂದು ಕಾಲಕ್ಕೆ ನಮ್ಮ ಮಲೆನಾಡಿನಲ್ಲಿ ಇರಲಿಲ್ಲ. ಅದು ಸಿಂಕೋನ ಮರದ ತೊಗಟೆಯಿಂದ ಬರುವುದೆಂದೂ, ನಮ್ಮ ಗಡಿಗೆ ಹೊಂದಿದ ನೀಲಗಿರಿಯ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಅದರ ತೋಟಗಳು ಎದ್ದಿದ್ದವೆಂದೂ ಅನೇಕರು ಬಲ್ಲರು. ಆದರೆ ಆ ಮರ ಈ ನೆಲದ್ದಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಕಾಡುಗಳಿಂದ ಅದರ ಬೀಜವನ್ನೂ ಸಸಿಗಳನ್ನೂ ನಮ್ಮ ದೇಶಕ್ಕೆ ಕಳುಹಿಸಿದವರಲ್ಲಿ ರಿಚರ್ಡ್ ಸ್ಪ್ರೂಸನು ಒಬ್ಬನು. ಸಸ್ಯಶಾಸ್ತ್ರಜ್ಞರು ಗೌರವದಿಂದ ನೆನೆಯುವ ಈ ಪುರುಷನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಸ್ಪ್ರೂಸನು 1817ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಗ್ಯಾನ್‌ಥಾರ್ಪ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಶಾಲಾ ಉಪಾಧ್ಯಾಯ. ಮಗನೂ ಯಾರ್ಕ್ ನಗರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದನು. ಆದರೆ ಮನಸ್ಸೆಲ್ಲ ಬಂಡೆಗಳ ಮೇಲೆ ಹಬ್ಬುವ, ನಾವು ತುಳಿದುಕೊಂಡು ಹೋಗುವ ಹಾವಸೆ ಗಿಡಗಳ ಮೇಲೆ. ಮೈಯಲ್ಲಿ ಆರೋಗ್ಯ ಅಷ್ಟಕ್ಕಷ್ಟೆ, ಕೈಯಲ್ಲಿ ಹಣವಿಲ್ಲ. ಇಂಥವನು 1849ರಲ್ಲಿ ಅಮೆಜಾನ್ ನದಿಯ ಮಳೆಕಾಡುಗಳಿಗೆ ಹೊರಟುಬಿಟ್ಟನು. ಸಂಬಳವೆಂಬುದಿರಲಿಲ್ಲ. ಆತನು ಒಣಗಿಸಿ ಕಳುಹಿಸಿದ ಗಿಡಗಳನ್ನು ಬೆಂಥಮ್ ಎಂಬ ಸಸ್ಯಶಾಸ್ತ್ರಜ್ಞನು ವಿಂಗಡಿಸಿ ಚಂದಾದಾರರಿಗೆ ಹಂಚುತ್ತಿದ್ದನು. ಅದರಿಂದ ಬಂದ ಹಣವೇ ಜೀವನಾಧಾರ. ಹೀಗೆ ಹದಿನೈದು ವರ್ಷ ಕಳೆದವು.

ಗಿಡ ಕೀಳುವವರು ಎಷ್ಟೋ ಮಂದಿ ಇದ್ದರು. ಸ್ಪ್ರೂಸನ ಹಿರಿಮೆಯೆಂದರೆ, ಕಾಡಿನ ಜನ ಆ ಗಿಡವನ್ನು ಏನೆಂದು ಕರೆಯುತ್ತಾರೆ, ಏತಕ್ಕೆ ಬಳಸುತ್ತಾರೆ ಎಂದು ಅವರನ್ನೇ ಕೇಳಿದ್ದು. ಅಲ್ಲಿಯ 21 ಭಾಷೆಗಳ ಪದಗಳನ್ನು ಆತನು ಬರೆದಿಟ್ಟನು. ಗ್ವಾರಾನಾ ಎಂಬ ಬಳ್ಳಿಯ ಬೀಜವನ್ನು ಅವರು ಹುರಿದು, ಅರೆದು, ಕಡ್ಡಿಯಂತೆ ಉಂಡೆಕಟ್ಟಿ ಒಣಗಿಸುವರು. ಬೇಕಾದಾಗ ಪಿರಾರುಕು ಎಂಬ ದೊಡ್ಡ ಮೀನಿನ ಒರಟು ನಾಲಿಗೆಯ ಮೇಲೆ ಉಜ್ಜಿ ಪುಡಿಮಾಡಿ ನೀರಿಗೆ ಹಾಕಿ ಕುಡಿಯುವರು. ದಣಿವಿಗೂ ಹೊಟ್ಟೆಯ ಕೆಡುಕಿಗೂ ಅದೇ ಮದ್ದು. ನಮ್ಮ ಕಾಫಿಯಲ್ಲಿರುವ ಕೆಫೀನೇ ಅದರಲ್ಲಿಯೂ ಇದೆ.

1852ರಲ್ಲಿ ವೌಪೆಸ್ ನದಿಯ ದಂಡೆಯ ಹಬ್ಬವೊಂದಕ್ಕೆ ಆತನಿಗೆ ಕರೆ ಬಂದಿತು. ಅಲ್ಲಿ ಕಾಆಪಿ ಎಂಬ ಕಹಿ ಪಾನಕವನ್ನು ಕೊಟ್ಟರು. (ನಮ್ಮ ಕಾಫಿಗೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೆ!) ರೋಗದ ಮೂಲವನ್ನು ಕಾಣಲು ಆ ಸೀಮೆಯ ವೈದ್ಯರು ಕುಡಿಯುವ ಪಾನ ಅದು. ಅರ್ಧ ಪಾಲು ಮುಗಿಯುವಷ್ಟರಲ್ಲಿ ಮರಗೆಣಸಿನ ಮದ್ಯ, ಮೊಳದುದ್ದದ ಚುಟ್ಟಾ ಒಂದರ ಮೇಲೊಂದು ಬಂದು, ಹೊಟ್ಟೆ ತೊಳಸಿ ಅತಿಥಿಗೆ ಸಾಕುಸಾಕಾಯಿತು. ಇನ್ನೊಬ್ಬನಾಗಿದ್ದರೆ ಕಾಡುಜನರ ಹುಚ್ಚೆಂದು ನಕ್ಕು ಬಿಡುತ್ತಿದ್ದನೇನೋ. ಸ್ಪ್ರೂಸನು ಆ ಬಳ್ಳಿಯನ್ನೇ ಹುಡುಕಿ, ಹೂವು ಕಾಯಿಗಳನ್ನು ನೋಡಿ, ಶಾಸ್ತ್ರೀಯವಾದ ಹೆಸರಿಟ್ಟು, ರಾಸಾಯನಿಕ ಪರೀಕ್ಷೆಗೆಂದು ಕಾಂಡದ ತುಂಡುಗಳನ್ನು ಇಂಗ್ಲೆಂಡಿಗೆ ಕಳುಹಿಸಿದನು. ಪೆಟ್ಟಿಗೆ ತಡವಾಗಿ, ಬೂಸರು ಹಿಡಿದು ತಲಪಿತು. ಪರೀಕ್ಷೆ ನಡೆಯಲೇ ಇಲ್ಲ. ನೂರು ವರ್ಷಗಳ ಮೇಲೆ, 1960ರ ದಶಕದಲ್ಲಿ, ಅವೇ ತುಂಡುಗಳನ್ನು ಪರೀಕ್ಷಿಸಿದಾಗ ಸತ್ತ್ವ ಇನ್ನೂ ಉಳಿದಿತ್ತು. ಆತನ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದ ಸಂಗತಿಯಿದು.

1854ರಲ್ಲಿ ಒರಿನೋಕೋ ಸೀಮೆಯಲ್ಲಿ ಚಳಿಜ್ವರ ಹಿಡಿದು ಆತನು 38 ದಿನ ತೂಗುಮಂಚದಲ್ಲಿ ಬಿದ್ದಿದ್ದನು. ಆರೈಕೆಗೆಂದು ಗೊತ್ತುಮಾಡಿದ್ದ ಹೆಂಗಸು ಇವನು ಬೇಗ ಸಾಯಲೆಂದು ಹಾರೈಸುತ್ತಿದ್ದಳಂತೆ! ಹೇಗೋ ಬದುಕಿದನು. ಆ ಜ್ವರದ ಮದ್ದನ್ನೇ ಅರಸುವ ಕೆಲಸ ಮುಂದೆ ಆತನ ಪಾಲಿಗೆ ಬಂದಿತು.

ಸಿಂಕೋನ ತೊಗಟೆಯ ಗುಣವನ್ನು ಯೂರೋಪಿನ ಪಾದ್ರಿಗಳು ಹದಿನೇಳನೆಯ ಶತಮಾನದಲ್ಲಿಯೇ ಆಂಡೀಸಿನ ಜನರಿಂದ ತಿಳಿದಿದ್ದರು. ಅದನ್ನು ಭಾರತದಲ್ಲಿ ಬೆಳೆಸಬೇಕೆಂದು ಬ್ರಿಟಿಷ್ ಸರಕಾರ 1859ರಲ್ಲಿ ಈಕ್ವೆಡಾರಿನಲ್ಲಿದ್ದ ಸ್ಪ್ರೂಸನಿಗೆ ಕೆಂಪು ತೊಗಟೆಯ ಜಾತಿಯನ್ನು ಸಂಗ್ರಹಿಸಲು ಹೇಳಿತು. 1860ರ ಏಪ್ರಿಲಿನಲ್ಲಿ ಆತನ ಬೆನ್ನೂ ಕಾಲುಗಳೂ ಸ್ವಾಧೀನ ತಪ್ಪಿದವು. ಆದರೂ ಚಿಂಬೊರಾಸೋ ಪರ್ವತದ ಪಶ್ಚಿಮದ ಇಳಿಜಾರಿನ ಲಿಮೋನ್ ಎಂಬಲ್ಲಿಗೆ ಹೋಗಿ ಬಿಡಾರ ಮಾಡಿದನು. ತೊಗಟೆಯನ್ನು ಮುಟ್ಟದೆ ಬೀಜ ಸಸಿಗಳನ್ನು ಮಾತ್ರ ಒಯ್ಯಲು ಕಾಡಿನ ಒಡೆಯರಿಗೆ 400 ಡಾಲರು ತೆತ್ತನು. ತೊಗಟೆ ಪರದೇಶಕ್ಕೆ ಏಕೆ ಹೋಗುತ್ತದೆಂದು ಅಲ್ಲಿಯವರಿಗೆ ವಿವರಿಸಿದರೆ ಅವರು ನಂಬಲಿಲ್ಲ. ಅದರಿಂದ ಬಟ್ಟೆಗೆ ಬಣ್ಣ ಮಾಡುತ್ತಾರೆ, ಗುಟ್ಟನ್ನು ಈ ಬಿಳಿಯನು ಮುಚ್ಚಿಡುತ್ತಾನೆ ಎಂದುಕೊಂಡರು. ಜ್ವರದ ಮದ್ದಿನ ಮರದ ಬುಡದಲ್ಲೇ ಇದ್ದವರ ಸ್ಥಿತಿ ಇದು! ಹಣ ಕೊಟ್ಟು ಕೊಂಡದ್ದು ಕಳವಲ್ಲ, ನಿಜ. ಆದರೆ ಆ ಹಣ ಜಮೀನ್ದಾರರದಾಯಿತು. ಮರವನ್ನು ಗುರುತಿಸಿ ತೊಗಟೆ ಸುಲಿಯುವ ಆಳುಗಳಿಗೆ ಕೂಲಿಯಷ್ಟೇ ಗತಿ.

ಸುಮಾರು ಒಂದು ಲಕ್ಷ ಬೀಜಗಳೂ 600ಕ್ಕೆ ಮೇಲ್ಪಟ್ಟು ಸಸಿಗಳೂ ಸಿದ್ಧವಾದವು. ಸಸಿಗಳನ್ನು ತೆಪ್ಪದಲ್ಲಿಟ್ಟು, ನದಿಯ ಸೆಳವಿನಲ್ಲಿ ಪ್ರಾಣವನ್ನು ಕೈಯಲ್ಲಿ ಹಿಡಿದು ಗ್ವಾಯಕಿಲ್ ಬಂದರಿಗೆ ತಂದರು. ಅಲ್ಲಿಂದ ರಾಬರ್ಟ್ ಕ್ರಾಸ್ ಎಂಬ ತೋಟಗಾರನು 1861ರ ಜನವರಿಯಲ್ಲಿ ಅವುಗಳೊಡನೆ ಹಡಗನ್ನೇರಿದನು. ಅದೇ ವರ್ಷ ಈಕ್ವೆಡಾರ್ ಸರಕಾರ ಸಿಂಕೋನ ಸಸಿ ಬೀಜಗಳ ಸಂಗ್ರಹವನ್ನು ನಿಷೇಧಿಸಿತು. ಉದಕಮಂಡಲದಲ್ಲಿ ಮೆಕ್‌ಐವರನು ಸಸಿಗಳನ್ನು ಬೆಳೆಸಿದನು. ಮುಂದೆ ಜಾವಾದಲ್ಲಿ ಬೆಳೆದ ಬೇರೊಂದು ಜಾತಿಯಲ್ಲಿ ಕ್ವಿನೈನ್ ಹೆಚ್ಚೆಂದು ಕಂಡು ಪೇಟೆ ಅತ್ತ ಹೋಯಿತೆಂಬುದು ಬೇರೆ ಮಾತು.

ಸ್ಪ್ರೂಸನಿಗೆ ದಕ್ಕಿದ್ದೇನು? ಕೂಡಿಟ್ಟಿದ್ದ 700 ಪೌಂಡುಗಳು 1861ರಲ್ಲಿ ಗ್ವಾಯಕಿಲ್ಲಿನ ವ್ಯಾಪಾರದ ಕೋಠಿಯೊಂದು ಮುಳುಗಿದಾಗ ಹೋದವು. 1864ರಲ್ಲಿ ತಾಯ್ನಾಡಿಗೆ ಹಿಂತಿರುಗಿದಾಗ ಮೇಜಿನ ಮುಂದೆ ನೆಟ್ಟಗೆ ಕುಳಿತು ಬರೆಯುವ ಶಕ್ತಿಯಿರಲಿಲ್ಲ. ಮರುವರ್ಷ ವರ್ಷಾಶನವೆಂದು 50 ಪೌಂಡು ಗೊತ್ತಾಯಿತು. ಭಾರತ ಸರಕಾರದ ಇನ್ನೊಂದು 50 ಪೌಂಡು ಬಂದದ್ದು 1877ರಲ್ಲಿ, ಸಸಿಗಳು ನೀಲಗಿರಿಯನ್ನು ಮುಟ್ಟಿದ ಹದಿನಾರು ವರ್ಷಗಳ ಮೇಲೆ. ಹುಟ್ಟೂರಿನ ಸಮೀಪದ ಸಣ್ಣ ಮನೆಯಲ್ಲಿ ಒರಗಿಕೊಂಡೇ, ಒಂದಿಷ್ಟು ಹೊತ್ತು ಕೆಲಸ, ಒಂದಿಷ್ಟು ಹೊತ್ತು ವಿಶ್ರಾಂತಿ ಎಂದು, ಅಮೆಜಾನ್ ಮತ್ತು ಆಂಡೀಸಿನ ಹಾವಸೆ ಸಸ್ಯಗಳ ಮೇಲೆ ದೊಡ್ಡ ಗ್ರಂಥವೊಂದನ್ನು ಬರೆದು ಮುಗಿಸಿದನು. 1893ರ ಡಿಸೆಂಬರ್ 28ರಂದು ತೀರಿಕೊಂಡನು.

ಆತನ ದಿನಚರಿಗಳೂ ಪತ್ರಗಳೂ ಹಾಗೆಯೇ ಉಳಿದಿದ್ದವು. ಅವನ್ನು ಅಮೆಜಾನಿನ ದಿನಗಳ ಹಳೆಯ ಗೆಳೆಯ ಆಲ್ಫ್ರೆಡ್ ವಾಲೇಸನು ಒಟ್ಟುಗೂಡಿಸಿ 1908ರಲ್ಲಿ ಎರಡು ಸಂಪುಟಗಳಾಗಿ ಹೊರತಂದನು. ಆಗ ವಾಲೇಸನಿಗೆ 85 ವರ್ಷ.