ಫ್ಲಾಸ್ಕಿನಲ್ಲಿ ಸಿಕ್ಕ ನೇರಳೆ

ಸ್ಟಾರ್ಟಪ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಲ್ಯಾಪ್‌ಟಾಪು, ಆ್ಯಪು, ಕ್ಯಾಲಿಫೋರ್ನಿಯಾದ ಯಾವುದೋ ಗ್ಯಾರೇಜು. ಆದರೆ ನಾವು ಈ ಸಲ ಹೇಳಹೊರಟಿರುವ ಹುಡುಗ ಕಾಲೇಜು ಬಿಟ್ಟು ಫ್ಯಾಕ್ಟರಿ ಕಟ್ಟಿದ್ದು 1857ರಲ್ಲಿ, ಲಂಡನ್ನಿನ ಹತ್ತಿರ. ಹೆಸರು ವಿಲಿಯಂ ಹೆನ್ರಿ ಪರ್ಕಿನ್.

ಹುಟ್ಟಿದ್ದು 1838ರಲ್ಲಿ. 15ನೇ ವಯಸ್ಸಿಗೆ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿ ಸೇರಿ, ಮುಂದೆ ಪ್ರೊಫೆಸರ್ ಹಾಫ್‌ಮನ್ ಅವರಿಗೆ ಸಹಾಯಕನಾದ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಆಗ ಸಿಂಕೋನಾ ಮರದ ತೊಗಟೆಯಿಂದಷ್ಟೇ ಸಿಗುತ್ತಿತ್ತು. ಅದನ್ನು ಲ್ಯಾಬಿನಲ್ಲೇ ಮಾಡಬಹುದಾ ಅನ್ನೋ ಯೋಚನೆ ಗುರುಗಳದ್ದು. 1856ರ ಈಸ್ಟರ್ ರಜೆಯಲ್ಲಿ ಶಿಷ್ಯ ಮನೆಯ ಪುಟ್ಟ ಲ್ಯಾಬಿನಲ್ಲಿ ಅದಕ್ಕೆ ಕೈಹಾಕಿದ. ಕ್ವಿನೈನ್ ಬರಲಿಲ್ಲ. ಅನಿಲೀನ್ ಜೊತೆ ಪೊಟ್ಯಾಸಿಯಂ ಡೈಕ್ರೋಮೇಟ್ ಸೇರಿಸಿದಾಗ ಬಂದದ್ದು ಕಪ್ಪು ರಾಡಿ. ಅದಕ್ಕೆ ಆಲ್ಕೋಹಾಲ್ ಹಾಕಿದರೆ, ನೇರಳೆ ಬಣ್ಣ! ನಾವಾಗಿದ್ದರೆ ಎಕ್ಸ್‌ಪೆರಿಮೆಂಟ್ ಕೆಟ್ಟಿತು ಅಂತ ಸಿಂಕಿಗೆ ಚೆಲ್ಲಿರುತ್ತಿದ್ದೆವು, ಸುಳ್ಳು ಯಾಕೆ ಹೇಳೋದು. ಅವನು ಅದರಲ್ಲಿ ರೇಷ್ಮೆ ಅದ್ದಿ ನೋಡಿದ. ಒಗೆದರೂ ಬಿಸಿಲಿಗಿಟ್ಟರೂ ಬಣ್ಣ ಬಿಡಲಿಲ್ಲ.

ಆಮೇಲೆ ಅವನು ಮಾಡಿದ ಕೆಲಸ ನಮಗೆ ಇನ್ನೂ ಇಷ್ಟ. ಸ್ಕಾಟ್ಲೆಂಡಿನ ಪರ್ತ್ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಪುಲ್ಲರ್ ಕಂಪನಿಗೆ ಸ್ಯಾಂಪಲ್ ಕಳಿಸಿದ. ಬಟ್ಟೆ ತೀರಾ ದುಬಾರಿ ಆಗದಿದ್ದರೆ ಇದಕ್ಕೆ ಒಳ್ಳೇ ಬೆಲೆ ಇದೆ ಅಂತ ಉತ್ತರ ಬಂತು. ಆದರೆ ಹತ್ತಿಯ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, ಕಾಲೇಜು ಬಿಡುತ್ತೇನೆ ಅಂದಾಗ ಹಾಫ್‌ಮನ್‌ಗೆ ಬೇಸರವೇ ಆಯಿತು. ವಯಸ್ಸಿನ್ನೂ 18. ಕಟ್ಟಡ ಕಟ್ಟಿಸುವ ಕೆಲಸದಲ್ಲಿದ್ದ ತಂದೆ ಜೀವಮಾನದ ಉಳಿತಾಯದ ಬಹುಪಾಲನ್ನು ಸುರಿದರು, ಅಣ್ಣ ಥಾಮಸ್ ಕೂಡ ಕೈಜೋಡಿಸಿದ. ಮುಳುಗಿದ್ದರೆ ಇಡೀ ಮನೆಯೇ ಮುಳುಗುತ್ತಿತ್ತು.

ಗ್ರೀನ್‌ಫರ್ಡ್ ಗ್ರೀನ್‌ನಲ್ಲಿ, ಕಾಲುವೆ ಪಕ್ಕ ಜಾಗ ತಗೊಂಡರು. ತಮಾಷೆ ಅಂದರೆ, ಇವರು ಯಾರೂ ಕೆಮಿಕಲ್ ಫ್ಯಾಕ್ಟರಿಯ ಒಳಗೆ ಕಾಲಿಟ್ಟವರೇ ಅಲ್ಲ. ಅನಿಲೀನ್ ಬೇಕಾದಷ್ಟು ಕೊಳ್ಳೋಣ ಅಂದರೆ ಮಾರುಕಟ್ಟೆಯಲ್ಲೇ ಇಲ್ಲ! ಕಲ್ಲಿದ್ದಲಿನ ಟಾರಿನಿಂದ ಬರುವ ಬೆಂಜೀನ್ ತಗೊಂಡು, ಅದರಿಂದ ನೈಟ್ರೋಬೆಂಜೀನ್, ಅದರಿಂದ ಅನಿಲೀನ್, ಹೀಗೆ ತಾವೇ ಮಾಡಿಕೊಳ್ಳಬೇಕು. ಗಾಜಿನ ಫ್ಲಾಸ್ಕಿನಲ್ಲಿ ಸಲೀಸಾಗಿ ಆಗುವ ನೈಟ್ರೇಷನ್, ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಬಿಸಿ ಏರಿದರೆ ಸ್ಫೋಟ. ಯಂತ್ರಗಳನ್ನೂ ತಾವೇ ರೂಪಿಸಿದರು. ಅಷ್ಟಾದರೂ ಕಟ್ಟಡ ಶುರುವಾದ ಆರೇ ತಿಂಗಳಲ್ಲಿ ಬಣ್ಣ ಲಂಡನ್ನಿನ ರೇಷ್ಮೆ ಬಣ್ಣಗಾರರ ಕೈಸೇರಿತು. ಹತ್ತಿಗೆ ಟ್ಯಾನಿನ್ ಬಳಸುವ ಉಪಾಯವೂ ಹೊರಬಿತ್ತು. ಪರ್ಕಿನ್ ಖುದ್ದಾಗಿ ಬಣ್ಣಗಾರರ ಹತ್ತಿರ ಹೋಗಿ ಬಳಸೋದು ಹೇಗೆ ಅಂತ ತೋರಿಸಿಕೊಟ್ಟ. ಇವತ್ತಿನ ಕಸ್ಟಮರ್ ಸಪೋರ್ಟ್ ಅಂದರೆ ಇದೇ ತಾನೆ?

1858ರಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಇದೇ ನಮೂನೆಯ ನೇರಳೆ ಉಟ್ಟಳು, ಫ್ಯಾಷನ್ ಹತ್ತಿಕೊಂಡಿತು. ಎಡವಟ್ಟೂ ಆಗಿತ್ತು: ಫ್ರಾನ್ಸಿನಲ್ಲಿ ಪೇಟೆಂಟ್‌ಗೆ ತಡವಾಗಿ ಅರ್ಜಿ ಹಾಕಿದ್ದರಿಂದ ಅಲ್ಲಿಯವರು ಅದೇ ಬಣ್ಣವನ್ನು ಆರಾಮಾಗಿ ಮಾಡಿ ಮಾರಿದರು. 1869ರಲ್ಲಿ ಅಲಿಜರಿನ್ ಎಂಬ ಕೆಂಪು ಬಣ್ಣದ ಪೇಟೆಂಟ್‌ಗೆ ಜರ್ಮನ್ನರು ಇವನಿಗಿಂತ ಒಂದೇ ಒಂದು ದಿನ ಮುಂಚೆ ಅರ್ಜಿ ಹಾಕಿದ್ದರು.

1874ರಲ್ಲಿ, 36ನೇ ವಯಸ್ಸಿಗೆ, ಫ್ಯಾಕ್ಟರಿ ಮಾರಿದ. 1907ರಲ್ಲಿ ತೀರಿಕೊಳ್ಳುವವರೆಗೂ ಮನೆಯ ಪಕ್ಕದ ಲ್ಯಾಬಿನಲ್ಲಿ, 18ಕ್ಕೆ ಬಿಟ್ಟುಬಂದಿದ್ದ ರಿಸರ್ಚಿನಲ್ಲೇ ಮುಳುಗಿದ್ದ.