ಗೋಲಿನ ಲೆಕ್ಕಕ್ಕೆ ಸಿಗದ ಅಹ್ಮದ್ ಖಾನ್

ಕೆರೆ ನೀರಾವರಿಯನ್ನು ಬಲ್ಲವರಿಗೆ ನೀರುಗಂಟಿಯ ಪರಿಚಯವಿರುತ್ತದೆ. ತೂಬಿನ ಬಳಿ ನಿಂತು, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಹರಿಯಬೇಕೆಂದು ನಿರ್ಧರಿಸುವವನು ಅವನು. ಬೆಳೆ ಅವನದಲ್ಲ. ಕಣದಲ್ಲಿ ರಾಶಿ ಬಿದ್ದಾಗ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ಅವನ ಅಂದಾಜು ತಪ್ಪಿದರೆ ಮೇಲಿನ ಗದ್ದೆ ಕೊಳೆಯುತ್ತದೆ, ಕೊನೆಯ ಗದ್ದೆ ಒಣಗುತ್ತದೆ. ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್ ಎನಿಸಿಕೊಳ್ಳುವ ಆಟಗಾರನ ಪಾಡೂ ಇದೇ. ರಕ್ಷಣೆಯ ಸಾಲಿನಿಂದ ಚೆಂಡನ್ನು ಪಡೆದು, ಆಟದ ವೇಗವನ್ನು ನಿಯಂತ್ರಿಸಿ, ಗೋಲು ಹೊಡೆಯುವವನ ಕಾಲಿಗೆ ಅದನ್ನು ತಲುಪಿಸುವುದು ಅವನ ಕೆಲಸ. ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಮಾತ್ರ ಗೋಲು ಹೊಡೆದವನ ಹೆಸರು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ವರ್ಷಗಳಲ್ಲಿ ನಾನು ಕಂಡ ಮೈದಾನಗಳಲ್ಲೆಲ್ಲ ಕ್ರಿಕೆಟ್ಟೇ ತುಂಬಿರುತ್ತಿತ್ತು. ಈ ಮಾತಿಗೆ ಅಪವಾದವೆಂದರೆ ಹನೂರು ಭಾಗದ ಒಡೆಯರಪಾಳ್ಯದ ಟಿಬೆಟನ್ ನಿರಾಶ್ರಿತರ ನೆಲೆ. ದೇಶದ ಟಿಬೆಟನ್ ವಸತಿಗಳಲ್ಲೆಲ್ಲ ಫುಟ್‌ಬಾಲ್ ಮನೆಮಾತು. ದಲೈ ಲಾಮಾ ಅವರ ತಾಯಿಯ ಸ್ಮರಣಾರ್ಥ ಈ ವಸತಿಗಳ ತಂಡಗಳ ನಡುವೆ ಒಂದು ಪಂದ್ಯಾವಳಿಯೇ ನಡೆಯುತ್ತದೆ. ಉಳಿದಂತೆ ಈ ಸೀಮೆಯ ಹುಡುಗರು ಫುಟ್‌ಬಾಲ್ ಎಂದರೆ ದೂರದರ್ಶನದಲ್ಲಿ ಕಂಡ ವಿದೇಶಿ ಆಟಗಾರರನ್ನೇ ನೆನೆಯುತ್ತಾರೆ. ಕೇವಲ ನೂರೈವತ್ತು ಕಿಲೋಮೀಟರಿನಷ್ಟು ದೂರದ ಬೆಂಗಳೂರಿನಲ್ಲಿ ಹುಟ್ಟಿ, ಬರಿಗಾಲಿನಲ್ಲಿ ಎರಡು ಒಲಿಂಪಿಕ್ಸ್ ಆಡಿದ ಅಹ್ಮದ್ ಖಾನ್ ಅವರ ಹೆಸರು ಅವರ ಕಿವಿಗೆ ಬಿದ್ದಿರುವುದಿಲ್ಲ. ಅವರ ಬದುಕನ್ನು ಇಲ್ಲಿ ನೆನೆಯಲು ಅದೇ ಕಾರಣ.

ಅಹ್ಮದ್ ಖಾನ್ ಜನಿಸಿದ್ದು 1926ರ ಡಿಸೆಂಬರ್ 24ರಂದು. ಅವರ ತಂದೆ ಬಾಬಾ ಖಾನ್ ಅವರೂ ಆಟಗಾರರಾಗಿದ್ದರು. ದಂಡು ಪ್ರದೇಶದ ಬ್ರಿಟಿಷ್ ಪಡೆಗಳ ಸಹವಾಸದಿಂದ ಫುಟ್‌ಬಾಲ್ ಬೆಂಗಳೂರಿನ ಗಲ್ಲಿಗಳಿಗೆ ಇಳಿದಿದ್ದ ಕಾಲವದು. ಬಾಲಕ ಅಹ್ಮದ್ ಚೆಂಡು ಒದೆಯಲು ಕಲಿಯುತ್ತಿದ್ದಾಗಲೇ, 1937 ಮತ್ತು 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತ್ತು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಈ ಗೆಲುವನ್ನು ಯಳಂದೂರಿನವರು ತಮ್ಮದೆಂದು ಹೇಳಿಕೊಳ್ಳಬಹುದಿತ್ತು, ಪಕ್ಕದ ಕೊಳ್ಳೇಗಾಲದವರಿಗೆ ಆ ಹಕ್ಕಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದ್ರಾಸಿನ ಆಡಳಿತದಲ್ಲಿದ್ದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಷ್ಟೆ.

ಅಂದಿನ ತಂಡಗಳ ರಚನೆಯಲ್ಲಿ ಮಿಡ್‌ಫೀಲ್ಡರ್ ಎಂಬ ಪ್ರತ್ಯೇಕ ಸ್ಥಾನವಿರಲಿಲ್ಲ. ಇಬ್ಬರು ಬ್ಯಾಕ್‌ಗಳು, ಮೂವರು ಹಾಫ್‌ಬ್ಯಾಕ್‌ಗಳು, ಐವರು ಫಾರ್ವರ್ಡ್‌ಗಳು ಎಂಬುದು ಕಾಗದದ ಮೇಲಿನ ಲೆಕ್ಕ. ಆದರೆ ಸೆಂಟರ್ ಫಾರ್ವರ್ಡ್‌ನ ಎಡಬಲದಲ್ಲಿದ್ದ ‘ಇನ್‌ಸೈಡ್’ ಆಟಗಾರರಿಬ್ಬರು ಹಿಂದಕ್ಕೆ ಸರಿದು, ಹಾಫ್‌ಬ್ಯಾಕ್‌ಗಳಿಂದ ಚೆಂಡನ್ನು ಪಡೆದು ಮುಂದಿನವರಿಗೆ ಹಂಚುತ್ತಿದ್ದರು. ಇಂದು ಮಿಡ್‌ಫೀಲ್ಡರ್ ಮಾಡುವ ಕೆಲಸದ ಬಹುಪಾಲು ಇದೇ. ಅಹ್ಮದ್ ಖಾನ್ ಇನ್‌ಸೈಡ್ ಲೆಫ್ಟ್ ಆಗಿದ್ದರು.

1948ರ ಜುಲೈ 31ರಂದು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯದಲ್ಲಿ, ಲಂಡನ್ ಸಮೀಪದ ಇಲ್ಫರ್ಡ್‌ನಲ್ಲಿ ಅವರು ಫ್ರಾನ್ಸ್ ವಿರುದ್ಧ ಕಣಕ್ಕಿಳಿದರು. ನಮ್ಮ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಎರಡು ಪೆನಾಲ್ಟಿಗಳು ಕೈತಪ್ಪಿ, ಪಂದ್ಯ 1-2ರಿಂದ ಸೋಲಿನಲ್ಲಿ ಮುಗಿಯಿತು. ಭಾರತದ ಏಕೈಕ ಗೋಲು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಅವರದು. ಸೋತರೂ ನಮ್ಮವರ ಚೆಂಡಿನ ಮೇಲಿನ ಹಿಡಿತಕ್ಕೆ ಪರದೇಶದ ಪ್ರೇಕ್ಷಕರು ತಲೆದೂಗಿದರು.

ಮರುವರ್ಷ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ ಎಂಬ ಐವರು ದಾಕ್ಷಿಣಾತ್ಯರ ಮುಂಚೂಣಿಗೆ ಬಂಗಾಳದ ಜನ ಪಂಚಪಾಂಡವರೆಂದು ಹೆಸರಿಟ್ಟರು. ಕ್ಲಬ್ 1949ರಿಂದ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಒಲಿಯಿತು. ಚೆಂಡು ಅಹ್ಮದ್ ಅವರ ಪಾದಕ್ಕೆ ಅಂಟಿಕೊಂಡಂತೆ ಚಲಿಸುತ್ತಿದ್ದುದರಿಂದ ಅವರಿಗೆ ಹಾವಾಡಿಗನೆಂಬ ಬಿರುದು ಬಂತು.

ಈ ಬಿರುದಿನ ಒಳಗೇ ಮಿಡ್‌ಫೀಲ್ಡರ್‌ನ ಗುಟ್ಟು ಅಡಗಿದೆಯೆಂದು ನನ್ನ ಭಾವನೆ. ಹಾವಾಡಿಗ ನೆರೆದವರ ಕಣ್ಣುಗಳನ್ನೆಲ್ಲ ಒಂದೇ ಕಡೆ ಕಟ್ಟಿಹಾಕುತ್ತಾನೆ. ಚೆಂಡನ್ನು ಕಾಲಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಆಟಗಾರ ಎದುರಾಳಿಗಳಿಬ್ಬರನ್ನು ತನ್ನತ್ತ ಸೆಳೆದರೆ, ಅವರು ಬಿಟ್ಟುಬಂದ ಜಾಗ ಜೊತೆಗಾರನಿಗೆ ತೆರವಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಚೆಂಡನ್ನು ಬಿಟ್ಟುಕೊಟ್ಟರೆ ಅದು ಕಲೆ, ಬಿಡದಿದ್ದರೆ ಬರಿಯ ಕಸರತ್ತು. ಚೆಂಡು ಕಾಲಿಗೆ ಬರುವ ಮೊದಲೇ ಸುತ್ತಲ ನೋಟವನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುವುದು, ಅವಸರದ ಆಟವನ್ನು ನಿಧಾನಿಸುವುದು, ನಿಧಾನದ ಆಟಕ್ಕೆ ಚುರುಕು ಮುಟ್ಟಿಸುವುದು, ಚೆಂಡು ಕಳೆದುಹೋದಾಗ ಮೊದಲು ಹಿಂದಕ್ಕೆ ಓಡುವುದು, ಇವು ಉಳಿದ ಲಕ್ಷಣಗಳು. ಕಾಲಿನ ಬಲಕ್ಕಿಂತ ಇಲ್ಲಿ ಹೆಚ್ಚು ಬೇಕಾಗುವುದು ವಿವೇಚನೆ.

1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಮೇವಾಲಾಲ್ ಅವರದು, ನಾಯಕತ್ವ ಶೈಲೇನ್ ಮನ್ನಾ ಅವರದು. ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರೆಂಬುದು ಎಷ್ಟು ಮಂದಿಗೆ ಗೊತ್ತು? ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಹೊಸಕಿಹಾಕಿತು. ಜನಕ್ಕೆ ನೆನಪಿರುವುದು ಆ ಹತ್ತು ಗೋಲುಗಳು. ಪಂದ್ಯ ಮುಗಿಯಲು ಕ್ಷಣಗಳಿದ್ದಾಗ ಭಾರತದ ಮಾನ ಉಳಿಸಿದ ಒಂದು ಗೋಲು, ಗೋಲು ಹೊಡೆಯುವುದು ಮುಖ್ಯ ಕೆಲಸವಲ್ಲದ ಇದೇ ಅಹ್ಮದ್ ಖಾನ್ ಅವರದು. ಆ ಸೋಲಿನ ತರುವಾಯ ಬೂಟು ಕಡ್ಡಾಯವಾಯಿತು. ಬರಿಗಾಲಿನಲ್ಲಿ ಪಳಗಿದವರೆಲ್ಲ ಹೊಸ ಕಾಲಕ್ಕೆ ಹೊಂದಿಕೊಳ್ಳಬೇಕಾಯಿತು. ಅಹ್ಮದ್ ಹೊಂದಿಕೊಂಡರು. 1954ರಲ್ಲಿ ಕ್ಲಬ್ಬಿನ ನಾಯಕರಾದ ಅವರು 1959ರವರೆಗೂ ಅಲ್ಲಿಯೇ ಆಡಿದರು. ಕಲ್ಕತ್ತೆಯೇ ಅವರ ಊರಾಯಿತು. 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ, ಅಲ್ಲಿಯೇ ಕಣ್ಮುಚ್ಚಿದರು. ಬಂಗಾಳ ಅವರನ್ನು ತನ್ನವರೆಂದು ಕಂಡಿತು. ಹೆತ್ತ ನಾಡು ಅವರನ್ನು ಬಹಳ ಹಿಂದೆಯೇ ಮರೆತಿತ್ತು.

ಅರ್ಥಶಾಸ್ತ್ರ ಓದಿದವರಿಗೆ ಈ ಮರೆವು ಅಚ್ಚರಿ ತರದು. ರಾಷ್ಟ್ರೀಯ ಉತ್ಪನ್ನವನ್ನು ಲೆಕ್ಕಹಾಕುವಾಗ ಅಂತಿಮ ಸರಕಿನ ಬೆಲೆಯನ್ನಷ್ಟೇ ಹಿಡಿಯುತ್ತೇವೆ. ನಡುವಿನ ಹಂತದ ನೂಲು, ಹಿಟ್ಟು, ಉಕ್ಕು ಎಲ್ಲವೂ ಆ ಬೆಲೆಯೊಳಗೆ ಕರಗಿಹೋಗುತ್ತವೆ. ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಮೆಚ್ಚುವವರು ನೂಲು ಬಿಚ್ಚಿದವರನ್ನು ಕೇಳುವುದಿಲ್ಲ. ಎರಡು ಬಾರಿ ಎಣಿಸಬಾರದೆಂಬ ಕಾರಣಕ್ಕೆ ಲೆಕ್ಕಿಗನು ಕೈಬಿಟ್ಟದ್ದನ್ನು ಸಮಾಜ ಬೆಲೆಯಿಲ್ಲದ್ದೆಂದು ಭಾವಿಸುವುದು ಮಾತ್ರ ಅನ್ಯಾಯ. ಈಗಿನ ವೃತ್ತಿಪರ ಲೀಗ್‌ಗಳಲ್ಲಿ ಪ್ರತಿಯೊಂದು ಪಾಸನ್ನೂ, ಓಡಿದ ಪ್ರತಿಯೊಂದು ಮೀಟರನ್ನೂ ಯಂತ್ರಗಳು ಎಣಿಸುತ್ತವೆ. ಅದು ಸ್ವಾಗತಾರ್ಹವೇ. ಆದರೂ ಕೊಡಬಹುದಾಗಿದ್ದ ಪಾಸನ್ನು ಅರೆಕ್ಷಣ ತಡೆದು ಸರಿಯಾದ ಗಳಿಗೆಗೆ ಕೊಟ್ಟ ತಾಳ್ಮೆ ಅಂಕಿಗಳಲ್ಲಿ ಪೂರ್ತಿ ಹಿಡಿಸದು.

ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಫುಟ್‌ಬಾಲ್ ತಂಡಗಳೂ ಸೆಣಸುತ್ತವೆ. ಅಲ್ಲಿ ಬಹುಮಾನ ಸಾಮಾನ್ಯವಾಗಿ ಹೆಚ್ಚು ಗೋಲು ಹೊಡೆದವನಿಗೆ ಸಲ್ಲುತ್ತದೆ. ಹನೂರಿನ, ಯಳಂದೂರಿನ ದೈಹಿಕ ಶಿಕ್ಷಕರು ಚೆಂಡು ಬರುವ ಮೊದಲು ಒಮ್ಮೆ ತಲೆಯೆತ್ತಿ ಸುತ್ತ ನೋಡುವ ಹುಡುಗನನ್ನು, ಹುಡುಗಿಯನ್ನು ಗುರುತಿಸಿ ಅವರಿಗೂ ಒಂದು ಬಹುಮಾನ ಮೀಸಲಿಡಲಿ. ಅದಕ್ಕೆ ಅಹ್ಮದ್ ಖಾನ್ ಅವರ ಹೆಸರಿಟ್ಟರೆ, ಬಂಗಾಳವೊಂದೇ ಹೊತ್ತುಕೊಂಡು ಬಂದ ನೆನಪಿನಲ್ಲಿ ನಮ್ಮ ಪಾಲನ್ನೂ ಸಲ್ಲಿಸಿದಂತಾಗುತ್ತದೆ.